ಕಾಣದ ನೀರಿನ ನಾಡು

ವಾರ್ತೆ ಕೇಳುವ ಅಭ್ಯಾಸವಿರುವ ತಮಗೆ ಲಿಬಿಯ ಎಂಬ ಹೆಸರು ಹೊಸದಲ್ಲ. ಎಣ್ಣೆಯ ಬೆಲೆಯ ಮಾತು ಬಂದಾಗ, ಎಲ್ಲೋ ಗುಂಡು ಹಾರಿದಾಗ, ಮೆಡಿಟರೇನಿಯನ್ ಸಮುದ್ರದಲ್ಲಿ ವಲಸೆಗಾರರ ದೋಣಿ ಮುಳುಗಿದಾಗ ಆ ಹೆಸರು ಕಿವಿಗೆ ಬೀಳುತ್ತದೆ. ಮರುಕ್ಷಣವೇ ಬೇರೊಂದು ವಾರ್ತೆ ಬಂದು ಅದನ್ನು ಮರೆಸುತ್ತದೆ. ಆ ದೇಶದ ನೆಲ ಎಂತಹದು, ಜನ ಏನನ್ನು ಉಣ್ಣುತ್ತಾರೆ, ಅವರ ಹಿಂದಿನವರು ಹೇಗೆ ಬಾಳಿದರು ಎಂಬುದು ವಾರ್ತೆಯ ಕೆಲವು ನಿಮಿಷಗಳಲ್ಲಿ ಅಡಗುವ ಸಂಗತಿಯಲ್ಲ. ತಮ್ಮನ್ನು ಆ ನಾಡಿಗೆ ಒಂದು ಸುತ್ತು ಕರೆದೊಯ್ಯಬೇಕೆಂಬುದು ನನ್ನ ಆಸೆ. ದಾರಿ ತಪ್ಪದಂತೆ ಒಂದೇ ಎಳೆಯನ್ನು ಕೈಯಲ್ಲಿ ಹಿಡಿದು ನಡೆಯೋಣ. ಆ ಎಳೆ ನೀರು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ದೇಶದ ಚರಿತ್ರೆಯನ್ನು ನೀರಿನ ಮೂಲಕ ಹೇಳುವುದು ವಿಚಿತ್ರವೆನಿಸಬಹುದು. ಆದರೆ ಬಡವನ ಮನೆಯಲ್ಲಿ ಕಾಸಿನ ಲೆಕ್ಕವೇ ಮನೆಯ ಕಥೆಯಾಗುವಂತೆ, ಮರುಭೂಮಿಯ ನಾಡಿನಲ್ಲಿ ನೀರಿನ ಲೆಕ್ಕವೇ ನಾಡಿನ ಕಥೆ.

ಮೊದಲು ನೆಲವನ್ನು ನೋಡೋಣ. ಆಫ್ರಿಕಾ ಖಂಡದ ಉತ್ತರದ ಅಂಚಿನಲ್ಲಿ, ಈಜಿಪ್ಟಿಗೆ ಪಶ್ಚಿಮಕ್ಕೂ ಅಲ್ಜೀರಿಯ ಟುನೀಸಿಯಗಳಿಗೆ ಪೂರ್ವಕ್ಕೂ ಲಿಬಿಯ ಹರಡಿದೆ. ಅದರ ವಿಸ್ತೀರ್ಣ ಸುಮಾರು 17,60,000 ಚದರ ಕಿಲೋಮೀಟರು. ನಮ್ಮ ಕರ್ನಾಟಕದಂತಹ ಒಂಬತ್ತು ರಾಜ್ಯಗಳು ಅದರಲ್ಲಿ ಹಿಡಿಸುತ್ತವೆ. ಆದರೆ ಅಲ್ಲಿನ ಜನಸಂಖ್ಯೆ ಎಪ್ಪತ್ತು ಲಕ್ಷದ ಆಸುಪಾಸು. ಅವರಲ್ಲಿ ಬಹುಪಾಲು ಮಂದಿ ಸುಮಾರು 1,770 ಕಿಲೋಮೀಟರು ಉದ್ದದ ಕಡಲತೀರಕ್ಕೆ ಅಂಟಿಕೊಂಡೇ ಬಾಳುತ್ತಾರೆ. ಹಳೆಯ ಕಾಲದಿಂದಲೂ ದೇಶಕ್ಕೆ ಮೂರು ಭಾಗಗಳು: ವಾಯವ್ಯದಲ್ಲಿ ಟ್ರಿಪೊಲಿಟೇನಿಯ, ಪೂರ್ವದಲ್ಲಿ ಸಿರೆನೇಕ, ನೈಋತ್ಯದ ಒಳನಾಡಿನಲ್ಲಿ ಫೆಜ್ಜಾನ್. ಟ್ರಿಪೊಲಿ ಎಂಬುದು ಗ್ರೀಕ್ ಮಾತು. ಮೂರು ಪಟ್ಟಣಗಳು ಎಂದರ್ಥ. ನಮ್ಮ ‘ತ್ರಿಪುರ’ಕ್ಕೂ ಅದಕ್ಕೂ ನೆಂಟಸ್ತಿಕೆ ಉಂಟೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಒಯ, ಸಬ್ರಾತ, ಲೆಪ್ಟಿಸ್ ಎಂಬುವೇ ಆ ಮೂರು ಪುರಗಳು.

ಸಹಾರ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಅಲೆಅಲೆಯಾದ ಮರಳು. ನಿಜಕ್ಕೂ ಅಲ್ಲಿ ಮರಳಿಗಿಂತ ಕಲ್ಲೇ ಹೆಚ್ಚು. ಜಲ್ಲಿ ಹರಡಿದ ಬಯಲುಗಳು, ಕಪ್ಪುಗಟ್ಟಿದ ಬಂಡೆಯ ಹಾಸುಗಳು, ಒಣಗಿದ ಹಳ್ಳಗಳ ಪಾತ್ರಗಳು. ಇವುಗಳ ನಡುವೆ ಅಲ್ಲಲ್ಲಿ ಸಮುದ್ರದಂತೆ ಹಬ್ಬಿದ ಮರಳದಿಣ್ಣೆಗಳು. ಸಿರೆನೇಕದ ಕಡಲಂಚಿನಲ್ಲಿ ‘ಹಸುರು ಬೆಟ್ಟ’ ಎಂಬ ಅರ್ಥದ ಜಬಲ್ ಅಖ್ದರ್ ಇದೆ. ಚಳಿಗಾಲದ ಮೋಡಗಳು ಅಲ್ಲಿ ವರ್ಷಕ್ಕೆ 400ರಿಂದ 600 ಮಿಲಿಮೀಟರು ಮಳೆ ಸುರಿಸುತ್ತವೆ. ಬೆಟ್ಟವಿಳಿದು ದಕ್ಷಿಣಕ್ಕೆ ನಡೆದರೆ ಮಳೆ ಬೇಗನೆ ಕಡಿಮೆಯಾಗುತ್ತದೆ. ಒಳನಾಡಿನಲ್ಲಿ ಹನಿ ಕಾಣದೆ ವರ್ಷಗಳೇ ಕಳೆಯುವ ಸ್ಥಳಗಳುಂಟು. ಅಲ್ಲಿಂದ ಬೀಸುವ ಬಿಸಿಗಾಳಿಗೆ ‘ಘಿಬ್ಲಿ’ ಎಂದು ಹೆಸರು. ಅದು ಎದ್ದಿತೆಂದರೆ ಕಣ್ಣು, ಮೂಗು, ಅನ್ನ, ಹಾಸಿಗೆ ಎಲ್ಲವೂ ಧೂಳುಮಯ. 1922ರಲ್ಲಿ ಟ್ರಿಪೊಲಿಗೆ ಸಮೀಪದ ಅಜೀಜಿಯದಲ್ಲಿ ತಾಪಮಾನ 58 ಡಿಗ್ರಿ ಸೆಲ್ಸಿಯಸಿಗೇರಿತೆಂದು ದಾಖಲಾಗಿ, ತೊಂಬತ್ತು ವರ್ಷಗಳ ಕಾಲ ಪಠ್ಯಪುಸ್ತಕಗಳಲ್ಲಿ ಅದೇ ಜಗತ್ತಿನ ಅತ್ಯಧಿಕ ಉಷ್ಣತೆಯಾಗಿತ್ತು. ಆ ದಿನ ಅಳತೆ ಓದಿದವರು ತಪ್ಪಿರಬೇಕೆಂದು ತೀರ್ಮಾನಿಸಿ 2012ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಅದನ್ನು ರದ್ದುಮಾಡಿತು. ದಾಖಲೆ ಹೋಯಿತು, ಬಿಸಿಲು ಹಾಗೆಯೇ ಉಳಿಯಿತು.

ಇಂತಹ ನೆಲ ಒಮ್ಮೆ ಹಸುರಾಗಿತ್ತೆಂದರೆ ತಾವು ನಂಬುವಿರಾ? ನಂಬಲೇಬೇಕು, ಏಕೆಂದರೆ ಸಾಕ್ಷಿ ಕಲ್ಲಿನ ಮೇಲಿದೆ. 1850ರಲ್ಲಿ ಜರ್ಮನಿಯ ಯಾತ್ರಿಕ ಹೈನ್ರಿಖ್ ಬಾರ್ತ್ ಫೆಜ್ಜಾನಿನ ಬಂಡೆಗಳ ಮೇಲೆ ಪ್ರಾಚೀನರು ಕೊರೆದ ದನಗಳ ಹಿಂಡನ್ನು ಕಂಡು ಬೆರಗಾದನು. ಒಂಟೆಯ ಹೊರತು ಇನ್ನಾವ ಪ್ರಾಣಿಯೂ ನಡೆಯಲಾರದ ಕಡೆ ದನಗಳೆಲ್ಲಿಂದ ಬಂದವು? ಆಮೇಲೆ ಹುಡುಕಿದಂತೆಲ್ಲ ಆನೆ, ಜಿರಾಫೆ, ಉಷ್ಟ್ರಪಕ್ಷಿ, ನೀರ್ಗುದುರೆಗಳ ರೂಪಗಳೂ ದೊರೆತವು. ಆಲ್ಜೀರಿಯದ ಗಡಿಗೆ ತಾಗಿದ ಅಕಾಕುಸ್ ಪರ್ವತಗಳ ಈ ಚಿತ್ರಗಳನ್ನು ಯುನೆಸ್ಕೋ 1985ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ಪರ್ವತಗಳ ಒಂದು ಕಲ್ಲಾಸರೆಯಲ್ಲಿ 1958ರಲ್ಲಿ ಇಟಲಿಯ ಪುರಾತತ್ತ್ವಜ್ಞ ಫಬ್ರಿಜಿಯೊ ಮೋರಿ ಒಂದು ಎಳೆಯ ಮಗುವಿನ ಒಣಗಿಸಿದ ದೇಹವನ್ನು ಕಂಡನು. ಯಾರೋ ತಾಯಿತಂದೆ ಐದು ಸಾವಿರ ವರ್ಷಗಳಿಗೂ ಹಿಂದೆ ಅದನ್ನು ಅಕ್ಕರೆಯಿಂದ ಮಲಗಿಸಿ ಹೋಗಿದ್ದರು. ಈಜಿಪ್ಟಿನ ಹೆಸರಾಂತ ಅರಸರ ಮಮ್ಮಿಗಳಿಗಿಂತ ಅದು ಹಳೆಯದು.

ಆ ದನಗಾಹಿಗಳ ಕಾಲಕ್ಕೆ ಸಹಾರದಲ್ಲಿ ಕೆರೆಗಳಿದ್ದವು, ಹುಲ್ಲುಗಾವಲಿತ್ತು. ಸುಮಾರು ಐದು ಸಾವಿರ ವರ್ಷಗಳ ಹಿಂದೆ ಮಳೆಯ ಮಾರುತಗಳು ದಕ್ಷಿಣಕ್ಕೆ ಸರಿದವು, ಕೆರೆಗಳು ಬತ್ತಿದವು. ಆದರೆ ಅದಕ್ಕೂ ಮೊದಲಿನ ಮಳೆಯುಗಗಳಲ್ಲಿ ಬಿದ್ದ ನೀರು ಪೂರ್ತಿ ನಾಶವಾಗಲಿಲ್ಲ. ಮರಳುಗಲ್ಲಿನ ಪದರಗಳಲ್ಲಿ ಇಂಗಿ, ನೆಲದ ಕೆಳಗೆ ನಿಧಿಯಂತೆ ಉಳಿಯಿತು. ಅಜ್ಜನ ಕಾಲದ ಗಂಟು ಎನ್ನುತ್ತೇವಲ್ಲ, ಹಾಗೆ. ಈ ಗಂಟಿಗೆ ಹೊಸದಾಗಿ ಸೇರುವುದು ಏನೂ ಇಲ್ಲವೆನ್ನಬೇಕು, ತೆಗೆದಷ್ಟೂ ಕರಗುವುದೇ. ಇದನ್ನು ತಾವು ನೆನಪಿನಲ್ಲಿಟ್ಟರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಆ ಗಂಟನ್ನು ಮೊದಲು ಬಿಚ್ಚಿದವರು ಗರಮಂತರು. ಕ್ರಿ. ಪೂ. 5ನೆಯ ಶತಮಾನದ ಗ್ರೀಕ್ ಚರಿತ್ರಕಾರ ಹೆರೊಡೊಟಸನು ಅವರನ್ನು ದೊಡ್ಡ ಜನಾಂಗವೆಂದು ಕರೆದಿದ್ದಾನೆ; ಅವರು ನಾಲ್ಕು ಕುದುರೆಗಳ ರಥವೇರಿ ಬೇಟೆಯಾಡುತ್ತಿದ್ದರೆಂದೂ, ಅವರ ಎತ್ತುಗಳ ಕೊಂಬು ಮುಂದಕ್ಕೆ ಬಾಗಿದ್ದುದರಿಂದ ಅವು ಹಿಂದೆ ಹಿಂದೆ ಸರಿಯುತ್ತ ಮೇಯುತ್ತಿದ್ದುವೆಂದೂ ಬರೆದಿದ್ದಾನೆ. ಎತ್ತಿನ ಕಥೆಯನ್ನು ನಂಬುವುದೂ ಬಿಡುವುದೂ ತಮಗೆ ಸೇರಿದ್ದು. ಆದರೆ ಅವರ ರಾಜಧಾನಿಯಾದ ಗರಮದ ಅವಶೇಷಗಳು ಫೆಜ್ಜಾನಿನ ಜರ್ಮ ಎಂಬಲ್ಲಿ ಈಗಲೂ ಇವೆ. ಸುತ್ತಲಿನ ಕಣಿವೆಯಲ್ಲಿ ಅವರು ತೋಡಿದ 600ಕ್ಕೂ ಮಿಕ್ಕ ನೆಲದಡಿಯ ಕಾಲುವೆಗಳ ಗುರುತುಗಳನ್ನು ಸಂಶೋಧಕರು ಲೆಕ್ಕಹಾಕಿದ್ದಾರೆ. ಅವುಗಳಿಗೆ ‘ಫೊಗ್ಗಾರ’ ಎಂದು ಹೆಸರು.

ಫೊಗ್ಗಾರದ ರೀತಿ ಹೀಗೆ. ಬೆಟ್ಟದ ಬುಡದಲ್ಲಿ ನೀರು ಸಿಗುವವರೆಗೆ ಒಂದು ತಾಯಿಬಾವಿಯನ್ನು ತೋಡುವುದು. ಅದರ ತಳದಿಂದ ಊರಿನ ಕಡೆಗೆ, ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರಿನಲ್ಲಿ, ಸುರಂಗವೊಂದನ್ನು ಕೊರೆಯುವುದು. ಕೆಲವೇ ಮಾರುಗಳಿಗೆ ಒಂದರಂತೆ ಮೇಲಿನಿಂದ ಕಿಂಡಿಬಾವಿಗಳನ್ನು ಇಳಿಸುವುದು. ಮಣ್ಣು ಮೇಲೆ ಬರುವುದೂ ಗಾಳಿ ಒಳಗೆ ಹೋಗುವುದೂ ಅವುಗಳಲ್ಲಿಯೇ. ನೀರು ಬಿಸಿಲನ್ನೇ ಕಾಣದೆ, ಏತ ಕಪಿಲೆಗಳ ಹಂಗಿಲ್ಲದೆ, ಹಗಲಿರುಳೂ ತಾನೇ ಹರಿದು ತೋಟಕ್ಕೆ ಬರುತ್ತದೆ. ಈ ವಿದ್ಯೆ ಪರ್ಷಿಯದಲ್ಲಿ ಬೆಳೆದು, ಈಜಿಪ್ಟಿನ ಪಶ್ಚಿಮದ ಮರುವನಗಳ ಮೂಲಕ ಫೆಜ್ಜಾನಿಗೆ ಬಂದಿರಬೇಕೆಂಬುದು ಅನೇಕ ವಿದ್ವಾಂಸರ ಮತ. ಅದೇ ವಿದ್ಯೆಯ ಇನ್ನೊಂದು ಕವಲು ಪೂರ್ವಕ್ಕೆ ಹರಿದು ನಮ್ಮ ನಾಡಿಗೂ ಬಂತು. ಬಹಮನಿ ಸುಲ್ತಾನರ ಕಾಲದಲ್ಲಿ ಬೀದರಿನ ಕೆಂಪು ಜಂಬಿಟ್ಟಿಗೆಯನ್ನು ಕೊರೆದು ಮಾಡಿದ ‘ಕರೇಜ್’ ಸುರಂಗಗಳನ್ನು ನೌಬಾದಿನಲ್ಲಿ ತಾವು ನೋಡಬಹುದು. ಕಾಲಾಂತರದಲ್ಲಿ ಹೂಳು ತುಂಬಿ ಮರೆತುಹೋಗಿದ್ದ ಅವನ್ನು ಈಚಿನ ವರ್ಷಗಳಲ್ಲಿ ತೆಗೆಸಿ ಶುದ್ಧಿಮಾಡಿದ್ದಾರೆ. ಬೀದರಿನ ಆ ಕಿಂಡಿಬಾವಿಯಲ್ಲಿ ಇಣಕಿದವನಿಗೆ ಗರಮಂತರ ಕಾಲುವೆ ಅಪರಿಚಿತವೆನಿಸುವುದಿಲ್ಲ.

ಈ ನೀರಿನ ಬಲದಿಂದ ಗರಮಂತರು ಗೋಧಿ, ಜವೆ, ದ್ರಾಕ್ಷಿ, ಖರ್ಜೂರಗಳನ್ನು ಬೆಳೆದರು. ರೋಮಿನೊಡನೆ ಕಾದಿದರು, ಅನಂತರ ವ್ಯಾಪಾರವನ್ನೂ ಬೆಳೆಸಿದರು. ಸುರಂಗ ತೋಡುವ ಕಷ್ಟವೆಲ್ಲ ಬಹುಮಟ್ಟಿಗೆ ಸೆರೆಹಿಡಿದು ತಂದ ಗುಲಾಮರ ಪಾಲಾಗಿತ್ತೆಂಬುದನ್ನೂ ಹೇಳದೆ ಬಿಡಬಾರದು. ಶತಮಾನಗಳು ಕಳೆದಂತೆ ನೆಲದಡಿಯ ನೀರು ಇಳಿಯುತ್ತ ಹೋಯಿತು. ಸುರಂಗವನ್ನು ಇನ್ನೂ ಆಳಕ್ಕೆ, ಇನ್ನೂ ದೂರಕ್ಕೆ ಒಯ್ಯಬೇಕಾಯಿತು. ಅದಕ್ಕೆ ಇನ್ನಷ್ಟು ಆಳುಗಳು ಬೇಕಾದರು. ಅತ್ತ ರೋಮನ್ ಸಾಮ್ರಾಜ್ಯ ಕುಸಿದು ವ್ಯಾಪಾರವೂ ಕುಗ್ಗಿತು. 7ನೆಯ ಶತಮಾನದಲ್ಲಿ ಅರಬರು ಬಂದಾಗ ಗರಮ ಹಳೆಯ ವೈಭವದ ನೆರಳಾಗಿತ್ತು. ಆ ರಾಜ್ಯವನ್ನು ಗೆದ್ದವರಲ್ಲಿ ಬತ್ತಿದ ಬಾವಿಯೂ ಒಂದು ಎನ್ನಬೇಕು.

ಇನ್ನು ಕಡಲತೀರಕ್ಕೆ ಬರೋಣ. ಕ್ರಿ. ಪೂ. 631ರ ಸುಮಾರಿನಲ್ಲಿ ಥೇರ ದ್ವೀಪದ ಗ್ರೀಕರು ಹಸುರು ಬೆಟ್ಟದ ಮೇಲೆ, ಒಂದು ಬುಗ್ಗೆಯ ಬಳಿ, ಸಿರೆನ್ ಎಂಬ ಪಟ್ಟಣವನ್ನು ಕಟ್ಟಿದರು. ಆ ಊರಿನ ಮಗನೇ ಎರಟೊಸ್ತನೀಸ್. ಈಜಿಪ್ಟಿನ ಸಯೀನಿಯಲ್ಲಿ ಬೇಸಗೆಯ ಒಂದು ಮಧ್ಯಾಹ್ನ ಸೂರ್ಯನು ಬಾವಿಯ ತಳಕ್ಕೆ ನೇರವಾಗಿ ಇಣಕುತ್ತಾನೆ, ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯದಲ್ಲಿ ನೆರಳು ಬೀಳುತ್ತದೆ ಎಂಬ ಇಷ್ಟೇ ಸಂಗತಿಯಿಂದ ಭೂಮಿಯ ಸುತ್ತಳತೆಯನ್ನು ಲೆಕ್ಕಹಾಕಿದ ಮಹಾನುಭಾವ ಅವನು. ಸಿರೆನಿನ ಸಿರಿಗೆ ಕಾರಣವಾದದ್ದು ಸಿಲ್ಫಿಯಂ ಎಂಬ ಒಂದು ಕಾಡುಗಿಡ. ಅದರ ಅಂಟು ಮದ್ದಿಗೂ ಅಡಿಗೆಗೂ ಬೇಕಾಗಿತ್ತು. ನಮ್ಮ ಇಂಗಿನ ಜಾತಿಗೆ ಸೇರಿದ ಗಿಡವೆಂದು ಬಹುಜನರ ಊಹೆ. ಪಟ್ಟಣದ ನಾಣ್ಯಗಳ ಮೇಲೆಯೂ ಅದರದೇ ಚಿತ್ರ. ಅದನ್ನು ತೋಟದಲ್ಲಿ ಬೆಳೆಸಲು ಆಗಲಿಲ್ಲ. ಕಾಡಿನಿಂದ ಕಿತ್ತರು, ಮಾರಿದರು, ಮತ್ತೆ ಕಿತ್ತರು. ಕೊನೆಗೆ ಸಿಕ್ಕ ಒಂದೇ ಒಂದು ದಂಟನ್ನು ನೀರೋ ಚಕ್ರವರ್ತಿಗೆ ಕಾಣಿಕೆಯಾಗಿ ಕಳುಹಿಸಿದರೆಂದು ರೋಮಿನ ಪಂಡಿತ ಪ್ಲಿನಿ ಬರೆದಿದ್ದಾನೆ. ಇತ್ತ ಪಶ್ಚಿಮದ ಲೆಪ್ಟಿಸಿನಲ್ಲಿ 145ರಲ್ಲಿ ಹುಟ್ಟಿದ ಸೆಪ್ಟಿಮಿಯಸ್ ಸೆವೆರಸನು 193ರಲ್ಲಿ ರೋಮಿನ ಚಕ್ರವರ್ತಿಯೇ ಆದನು. ತವರನ್ನು ಮರೆಯದೆ ಅಲ್ಲಿ ಕಮಾನು, ಸಭಾಮಂಟಪ, ಬಂದರುಗಳನ್ನು ಕಟ್ಟಿಸಿದನು. ಅವುಗಳ ಕಂಬಗಳು ಇಂದಿಗೂ ಕಡಲಿಗೆದುರಾಗಿ ನಿಂತಿವೆ.

ಆದರೆ ಮರುಭೂಮಿಯ ನಿಜವಾದ ನಾಗರಿಕತೆಯನ್ನು ನೋಡಬೇಕಾದರೆ ಚಕ್ರವರ್ತಿಗಳ ಊರನ್ನು ಬಿಟ್ಟು ಘದಾಮಿಸಿಗೆ ಹೋಗಬೇಕು. ಲಿಬಿಯ, ಟುನೀಸಿಯ, ಆಲ್ಜೀರಿಯ ಮೂರೂ ಕೂಡುವೆಡೆಯಲ್ಲಿರುವ ಈ ಮರುವನಕ್ಕೆ ‘ಮರುಭೂಮಿಯ ಮುತ್ತು’ ಎಂಬ ಬಿರುದಿದೆ. ಸಹಾರವನ್ನು ದಾಟುವ ಒಂಟೆಯ ಸಾಲುಗಳಿಗೆ ಅದು ದೊಡ್ಡ ತಂಗುದಾಣವಾಗಿತ್ತು. ಮಣ್ಣಿಟ್ಟಿಗೆಯ ಗೋಡೆಗಳು, ಖರ್ಜೂರದ ತೊಲೆಗಳು, ಸುಣ್ಣದ ಬಿಳುಪು. ಬೀದಿಗಳಿಗೆಲ್ಲ ಮೇಲುಹೊದಿಕೆ, ಹೊರಗೆ ಕೆಂಡದಂತಹ ಬಿಸಿಲಿದ್ದರೂ ಒಳಗೆ ನೆಲಮಾಳಿಗೆಯ ತಂಪು. ಗಂಡಸರು ಕೆಳಗಿನ ನೆರಳುಬೀದಿಗಳಲ್ಲಿ ನಡೆದಾಡಿದರೆ, ಹೆಂಗಸರದು ಮಾಳಿಗೆಯ ಲೋಕ. ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ದಾರಿಯಿದ್ದು, ಊರಿನುದ್ದಕ್ಕೂ ನೆಲ ಮುಟ್ಟದೆಯೇ ಹೋಗಿಬರಬಹುದಾಗಿತ್ತು.

ಊರಿನ ಜೀವ ಒಂದು ಬುಗ್ಗೆ. ಯಾರೋ ಪಯಣಿಗನ ಕುದುರೆ ಗೊರಸಿನಿಂದ ನೆಲ ಕೆದರಿದಾಗ ನೀರು ಚಿಮ್ಮಿತೆಂಬುದು ಸ್ಥಳಪುರಾಣ. ಅದಕ್ಕೆ ‘ಹೆಣ್ಣುಗುದುರೆಯ ಬುಗ್ಗೆ’ ಎಂದೇ ಹೆಸರು. ಬಾಯಾರಿದವನನ್ನು ಮೋಸಗೊಳಿಸುವ ಬಿಸಿಲ್ಗುದುರೆಯನ್ನು ನಮ್ಮ ಕವಿಗಳು ಬಲ್ಲರು. ಘದಾಮಿಸಿನವರ ಕುದುರೆ ನಿಜವಾದ ನೀರನ್ನೇ ಕೊಟ್ಟಿತು! ಆ ನೀರನ್ನು ಹಂಚಿಕೊಂಡ ಬಗೆ ನೋಡಿ. ಊರ ನಡುವೆ ತೂತುಳ್ಳ ಒಂದು ಪಾತ್ರೆಯನ್ನು ನೇತುಹಾಕಿರುತ್ತಿದ್ದರು. ತುಂಬಿಸಿದ ಪಾತ್ರೆ ಬರಿದಾಗುವ ಹೊತ್ತೇ ಒಂದು ಅಳತೆ. ಒಮ್ಮೆ ಬರಿದಾದರೆ ಅಲ್ಲಿ ಕುಳಿತ ಲೆಕ್ಕಿಗನು ಖರ್ಜೂರದ ಗರಿಗೆ ಒಂದು ಗಂಟು ಹಾಕುವನು. ಇಂತಿಷ್ಟು ಗಂಟುಗಳ ಕಾಲ ಕಾಲುವೆ ಈ ತೋಟಕ್ಕೆ, ಇಂತಿಷ್ಟು ಗಂಟುಗಳ ಕಾಲ ಆ ತೋಟಕ್ಕೆ. ಮದುವೆಯ ಮುಹೂರ್ತಕ್ಕೆ ಗಳಿಗೆ ಬಟ್ಟಲನ್ನು ತೇಲಿಬಿಡುತ್ತಿದ್ದ ನಮ್ಮ ಹಿರಿಯರಿಗೆ ಇದು ಥಟ್ಟನೆ ತಿಳಿಯುತ್ತಿತ್ತು. ನಮ್ಮ ಬಟ್ಟಲು ತುಂಬಿ ಮುಳುಗುವುದು, ಅವರದು ಸೋರಿ ಬರಿದಾಗುವುದು, ವ್ಯತ್ಯಾಸ ಅಷ್ಟೆ. 1986ರಲ್ಲಿ ಯುನೆಸ್ಕೋ ಈ ಹಳೆಯ ಊರನ್ನೂ ತನ್ನ ಪಟ್ಟಿಗೆ ಸೇರಿಸಿತು. ಯುದ್ಧದ ಭಯದಿಂದ 2016ರಲ್ಲಿ ‘ಅಪಾಯದಲ್ಲಿರುವ’ ತಾಣವೆಂದು ಎಣಿಸಲಾಗಿದ್ದ ಅದು 2025ರಲ್ಲಿ ಆ ಅಪಾಯದಿಂದ ಪಾರಾಯಿತೆಂಬುದು ಸಂತೋಷದ ಸುದ್ದಿ.

ಜನರ ವಿಚಾರ ಎರಡು ಮಾತು. ಬಹುಪಾಲು ಮಂದಿ ಅರಬ್ಬಿ ಮಾತನಾಡುವ ಸುನ್ನಿ ಮುಸಲ್ಮಾನರು. ನಫೂಸ ಬೆಟ್ಟದಲ್ಲಿ ಬೆರ್ಬೆರರು, ದಕ್ಷಿಣದಲ್ಲಿ ತುಆರೆಗರೂ ತೆಬುಗಳೂ ಇದ್ದಾರೆ. ತುಆರೆಗರಲ್ಲಿ ಮುಖ ಮುಸುಕುವವನು ಗಂಡಸು. ಹೆಂಗಸಿನ ಮುಖಕ್ಕೆ ಮುಸುಕಿಲ್ಲ. ‘ತಿಫಿನಾಗ್’ ಎಂಬ ಪುರಾತನ ಲಿಪಿಯನ್ನು ಅವರು ಇಂದಿಗೂ ಉಳಿಸಿಕೊಂಡಿದ್ದಾರೆ. ಊಟದ ಮಾತಿಗೆ ಬಂದರೆ, ಲಿಬಿಯದ ಮನೆಯೂಟ ‘ಬಜೀನ್’. ಜವೆಯ ಹಿಟ್ಟನ್ನು ಬೇಯಿಸಿ, ಕೋಲಿನಿಂದ ತೊಳಸಿ, ಗಟ್ಟಿ ಮುದ್ದೆ ಕಟ್ಟಿ, ದೊಡ್ಡ ಬೋಗುಣಿಯ ನಡುವೆ ಇಟ್ಟು ಸುತ್ತಲೂ ಸಾರು ಸುರಿಯುತ್ತಾರೆ. ಮನೆಮಂದಿಯೆಲ್ಲ ಸುತ್ತ ಕುಳಿತು ಬಲಗೈಯಿಂದ ಮುರಿದು ಅದ್ದಿ ಉಣ್ಣುತ್ತಾರೆ. ರಾಗಿಮುದ್ದೆಯ ಸೀಮೆಯವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಿಲ್ಲ. ಉಂಡ ಮೇಲೆ ಸಣ್ಣ ಗಾಜಿನ ಲೋಟಗಳಲ್ಲಿ ಮೂರು ಸುತ್ತು ಗಟ್ಟಿ ಚಹ.

ಇಂತಹ ಜನರ ಮೇಲೆ 1911ರಲ್ಲಿ ಇಟಲಿ ದಂಡೆತ್ತಿ ಬಂತು. ಆ ವರ್ಷ ನವೆಂಬರ್ 1ರಂದು ಟ್ರಿಪೊಲಿಯ ಬಳಿ ಇಟಲಿಯ ವೈಮಾನಿಕನೊಬ್ಬ ತನ್ನ ವಿಮಾನದಿಂದ ಕೈಬಾಂಬುಗಳನ್ನು ಎಸೆದನು. ವಿಮಾನದಿಂದ ಬಾಂಬು ಹಾಕುವ ಕ್ರೂರ ವಿದ್ಯೆ ಜಗತ್ತಿನಲ್ಲಿ ಮೊದಲಾದದ್ದು ಅಂದು. ಸಿರೆನೇಕದಲ್ಲಿ ಇಪ್ಪತ್ತು ವರ್ಷ ಇಟಲಿಗೆ ಎದುರುನಿಂತವರ ಮುಂದಾಳು ಒಮರ್ ಅಲ್ ಮುಖ್ತಾರ್. ಮೂಲತಃ ಮಕ್ಕಳಿಗೆ ಕುರಾನ್ ಹೇಳಿಕೊಡುತ್ತಿದ್ದ ಮೇಷ್ಟರು ಅವರು. ಅವರನ್ನು ಮಣಿಸಲು ಇಟಲಿಯ ಸೇನೆ 1930ರಲ್ಲಿ ಸುಮಾರು ಒಂದು ಲಕ್ಷ ಮಂದಿಯನ್ನು ದನಕರುಗಳ ಸಮೇತ ಹೊರಡಿಸಿ ಮುಳ್ಳುತಂತಿಯ ಶಿಬಿರಗಳಲ್ಲಿ ಕೂಡಿಹಾಕಿತು. ಹಸಿವು ರೋಗಗಳಿಂದ ಹತ್ತಾರು ಸಾವಿರ ಜನ ಅಲ್ಲಿಯೇ ಸತ್ತರು. ಮರುಭೂಮಿಯಲ್ಲಿ ಬಾವಿಗಳನ್ನೂ ಮುಚ್ಚಿಸಿತು. ಶತ್ರುವಿಗೂ ನೀರು ಕೊಡಬೇಕೆಂಬ ಮರುಭೂಮಿಯ ಧರ್ಮಕ್ಕೆ ಇದಕ್ಕಿಂತ ದೊಡ್ಡ ದ್ರೋಹವುಂಟೆ? ಎಪ್ಪತ್ತು ದಾಟಿದ ಮುಖ್ತಾರರನ್ನು ಸೆರೆಹಿಡಿದು, 1931ರ ಸೆಪ್ಟೆಂಬರ್ 16ರಂದು ಸುಲೂಕಿನಲ್ಲಿ, ಶಿಬಿರದ ಸಾವಿರಾರು ಬಂದಿಗಳ ಕಣ್ಣೆದುರಿನಲ್ಲಿ ಗಲ್ಲಿಗೇರಿಸಿದರು. ಆಳಿದ ಕಾಲದ ಅನ್ಯಾಯಕ್ಕಾಗಿ ಇಟಲಿ 2008ರಲ್ಲಿ ಕ್ಷಮೆ ಕೇಳಿತು.

ಎರಡನೆಯ ಮಹಾಯುದ್ಧದಲ್ಲಿ ಟೊಬ್ರುಕ್, ಬೆಂಘಾಜಿಗಳ ಸುತ್ತ ದೊಡ್ಡ ಕಾಳಗಗಳು ನಡೆದವು. ಭಾರತದ ಸೈನಿಕರೂ ಅಲ್ಲಿ ಕಾದಿ ಮಡಿದಿದ್ದಾರೆ. 1951ರ ಡಿಸೆಂಬರ್ 24ರಂದು ವಿಶ್ವಸಂಸ್ಥೆಯ ನಿರ್ಣಯದಂತೆ ಲಿಬಿಯ ಸ್ವತಂತ್ರವಾಯಿತು; ಇದ್ರೀಸ್ ದೊರೆಯಾದರು. ಆಗ ಅದು ಜಗತ್ತಿನ ಕಡುಬಡ ದೇಶಗಳಲ್ಲೊಂದು. ಯುದ್ಧದಲ್ಲಿ ಉಳಿದ ಗುಜರಿ ಕಬ್ಬಿಣವೂ ಅದರ ಮುಖ್ಯ ರಫ್ತುಗಳಲ್ಲಿ ಸೇರಿತ್ತೆಂದರೆ ಸ್ಥಿತಿಯನ್ನು ತಾವು ಊಹಿಸಬಹುದು. 1959ರಲ್ಲಿ ಜೆಲ್ಟೆನ್ ಎಂಬಲ್ಲಿ ಹೇರಳವಾದ ಎಣ್ಣೆ ಸಿಕ್ಕಿ ಎಲ್ಲವೂ ಬದಲಾಯಿತು. 1969ರ ಸೆಪ್ಟೆಂಬರ್ 1ರಂದು ಕರ್ನಲ್ ಗಡಾಫಿ ದೊರೆಯನ್ನು ಇಳಿಸಿ ಅಧಿಕಾರ ಹಿಡಿದನು.

ಎಣ್ಣೆಗಾಗಿ ಕೊರೆದವರಿಗೆ ದಕ್ಷಿಣದಲ್ಲಿ ಇನ್ನೊಂದು ನಿಧಿ ಕಂಡಿತ್ತು. ಅದೇ ಆ ಅಜ್ಜನ ಕಾಲದ ಗಂಟು. ಅದರ ಬಹುಪಾಲು 10,000ದಿಂದ 40,000 ವರ್ಷಗಳ ಹಿಂದಿನ ಮಳೆ. 1984ರಲ್ಲಿ ‘ಮಹಾ ಮಾನವನಿರ್ಮಿತ ನದಿ’ ಎಂಬ ಯೋಜನೆ ಆರಂಭವಾಯಿತು. ಮರುಭೂಮಿಯಲ್ಲಿ ಸಾವಿರಕ್ಕೂ ಹೆಚ್ಚು ಕೊಳವೆಬಾವಿಗಳನ್ನು, ಬಹಳಷ್ಟನ್ನು 500 ಮೀಟರಿಗೂ ಆಳವಾಗಿ, ಕೊರೆದರು. ಎತ್ತರದ ಆಳೊಬ್ಬ ತಲೆಯ ಮೇಲೆ ಇನ್ನೊಬ್ಬನನ್ನು ನಿಲ್ಲಿಸಿಕೊಂಡು ನಡೆಯಬಹುದಾದಷ್ಟು, ಎಂದರೆ 4 ಮೀಟರು ಅಡ್ಡಗಲದ, ಕಾಂಕ್ರೀಟು ಕೊಳವೆಗಳನ್ನು ಮರಳಿನಲ್ಲಿ ಹೂತರು. 1991ರಲ್ಲಿ ನೀರು ಬೆಂಘಾಜಿಯನ್ನೂ 1996ರಲ್ಲಿ ಟ್ರಿಪೊಲಿಯನ್ನೂ ಮುಟ್ಟಿತು. ಉಪ್ಪುನೀರು ಕುಡಿದು ಬೇಸತ್ತಿದ್ದ ಪಟ್ಟಣಿಗರಿಗೆ ಅದು ಭಗೀರಥನ ಗಂಗೆಯೇ ಸರಿ. ಆ ಸಾಹಸವನ್ನು ಹೀಗಳೆಯಬಾರದು. ಆದರೆ ಭಗೀರಥನ ಗಂಗೆಗೆ ಹಿಮಾಲಯದ ಬೆನ್ನಾಸರೆಯುಂಟು, ಈ ನದಿಗೆ ಮೂಲವಾಗಿರುವುದು ಮರಳಿ ತುಂಬದ ಒಂದು ಕೊಪ್ಪರಿಗೆ. ಗರಮಂತರು ಗುಲಾಮರ ತೋಳಿನಿಂದ ಮಾಡಿದ್ದನ್ನು ಇವರು ವಿದ್ಯುತ್ತಿನ ಪಂಪಿನಿಂದ, ಬಹು ಬೇಗನೆ ಮಾಡುತ್ತಿದ್ದಾರೆ.

2011ರಲ್ಲಿ ಜನ ದಂಗೆಯೆದ್ದರು. ಆ ಅಕ್ಟೋಬರ್ 20ರಂದು ಗಡಾಫಿ ಹತನಾದನು. ಅನಂತರ ದೇಶ ಒಂದಾಗಿ ನಿಲ್ಲಲಿಲ್ಲ. ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಅಧಿಕಾರ ಕೇಂದ್ರ; ನಡುವೆ ಶಸ್ತ್ರಧಾರಿ ಗುಂಪುಗಳು. 2020ರ ಏಪ್ರಿಲಿನಲ್ಲಿ ಅಂತಹದೊಂದು ಗುಂಪು ಕೊಳವೆಯ ನೀರನ್ನು ತಡೆದು ಟ್ರಿಪೊಲಿ ಸೀಮೆಯ ಇಪ್ಪತ್ತು ಲಕ್ಷ ಜನರನ್ನು ಬಾಯಾರಿಸಿತು. ಮತ್ತೆ ಅದೇ ಹಳೆಯ ಪಾಪ: ಬಾವಿ ಮುಚ್ಚುವುದು.

2023ರ ಸೆಪ್ಟೆಂಬರಿನಲ್ಲಿ ನೀರು ಇನ್ನೊಂದು ರೂಪದಲ್ಲಿ ಬಂತು. ಹಸುರು ಬೆಟ್ಟದ ಮೇಲೆ ಡೇನಿಯಲ್ ಎಂಬ ಚಂಡಮಾರುತ ಒಂದೇ ದಿನದಲ್ಲಿ ಅಪಾರ ಮಳೆ ಸುರಿಯಿತು. ಕಡಲಂಚಿನ ದರ್ನ ಪಟ್ಟಣದ ಮೇಲ್ಗಡೆ, ವರ್ಷದ ಬಹುಭಾಗ ಒಣಗಿಯೇ ಇರುವ ಹಳ್ಳಕ್ಕೆ 1970ರ ದಶಕದಲ್ಲಿ ಎರಡು ಕಟ್ಟೆಗಳನ್ನು ಕಟ್ಟಿದ್ದರು. ಅವುಗಳ ದುರಸ್ತಿ ವರ್ಷಗಳಿಂದ ನಡೆದಿರಲಿಲ್ಲ. ದೊಡ್ಡ ಪ್ರವಾಹ ಬಂದರೆ ಊರಿಗೆ ಅನಾಹುತವೆಂದು ಅಲ್ಲಿನ ಎಂಜಿನಿಯರೊಬ್ಬರು ಹಿಂದಿನ ವರ್ಷವೇ ಬರೆದು ಎಚ್ಚರಿಸಿದ್ದರು. 10ರ ರಾತ್ರಿ ಕಳೆದು 11ರ ಬೆಳಗಾಗುವ ಮೊದಲೇ ಎರಡೂ ಕಟ್ಟೆಗಳು ಒಡೆದವು. ಮನೆಗಳ ಸಾಲುಸಾಲುಗಳೇ ಮಲಗಿದ್ದವರೊಡನೆ ಸಮುದ್ರಕ್ಕೆ ಕೊಚ್ಚಿಹೋದವು. ಸತ್ತವರ ಲೆಕ್ಕ ಸಾವಿರಾರು. ನೀರಿಗಾಗಿ ಹಂಬಲಿಸುವ ನಾಡಿನಲ್ಲಿ ಜನ ನೀರಿನಲ್ಲಿ ಮುಳುಗಿ ಸತ್ತರು. ಇದು ಬರಿಯ ವಿಧಿಯಲ್ಲ, ಕಾಯಬೇಕಾದವರು ಕಾಯದಿದ್ದುದರ ಫಲ.

ಲಿಬಿಯದ ಕಥೆಯಲ್ಲಿ ರಥವೇರಿದವರಿದ್ದಾರೆ, ಚಕ್ರವರ್ತಿಗಳಿದ್ದಾರೆ, ಕರ್ನಲ್‌ಗಳಿದ್ದಾರೆ. ನೀರನ್ನು ಅಗೆದು ತೆಗೆಯುವ ಜಾಣ್ಮೆ ಅವರೆಲ್ಲರಿಗೂ ಇತ್ತು. ಅಳೆದು ಬಳಸುವ ವಿವೇಕ ಮಾತ್ರ ಘದಾಮಿಸಿನ ಆ ಹೆಸರಿಲ್ಲದ ಲೆಕ್ಕಿಗನಲ್ಲಿ ಎದ್ದು ಕಾಣುತ್ತದೆ. ಕೊಳವೆಯ ನೀರು ಬಂದ ಮೇಲೆ ಅವನ ಕೆಲಸ ನಿಂತಿತು. ಆದರೂ ಅವನು ಕುಳಿತಲ್ಲಿ ಎಷ್ಟೋ ತಲೆಮಾರುಗಳ ಕಾಲ ಒಂದು ನಿಯಮ ನಡೆಯಿತು: ಸಿರಿವಂತನ ತೋಟವಾಗಲಿ ಬಡವನ ತೋಟವಾಗಲಿ, ಪಾತ್ರೆ ಬರಿದಾಗುವ ಹೊತ್ತು ಒಂದೇ, ಅವನ ಪಾಲಿನ ಗಂಟು ಮುಗಿದೊಡನೆ ಕಾಲುವೆಯ ಬಾಯಿ ಪಕ್ಕದವನ ತೋಟಕ್ಕೆ ತಿರುಗುತ್ತಿತ್ತು.